ದೃಶ್ಯ ಹೆಣೆಯುವ ಸಾಫ್ಟ್‌ವೇರ್: ನಮ್ಮ ಮಕ್ಕಳು ಏನು ಕಲಿಯಬೇಕು?

ಪರದೆಯ ಮೇಲೆ ಒಬ್ಬಾತ ಉಕ್ಕಿ ಹರಿಯುವ ನೆರೆಯ ನಡುವೆ ನಿಂತಿರುತ್ತಾನೆ. ವಾಸ್ತವದಲ್ಲಿ ಆತ ನಿಂತದ್ದು ಸ್ಟುಡಿಯೋದ ಹಸಿರು ಪರದೆಯ ಮುಂದೆ. ನೀರು, ಆಕಾಶ, ಕುಸಿಯುವ ಸೇತುವೆ ಎಲ್ಲವೂ ಬೇರೆ ಬೇರೆ ಕಡೆ ತಯಾರಾದವು. ಇವನ್ನೆಲ್ಲ ಹೊಂದಿಸಿ ಒಂದೇ ದೃಶ್ಯವೆಂಬಂತೆ ಕಾಣಿಸುವ ಕೆಲಸಕ್ಕೆ ಕಂಪೋಸಿಟಿಂಗ್ ಎನ್ನುತ್ತಾರೆ.

ಹಸಿರು ಪರದೆ ಇಲ್ಲದೆ ಚಿತ್ರೀಕರಿಸಿದ್ದರೆ ಕೆಲಸ ಕಠಿಣ. ವ್ಯಕ್ತಿಯ ಅಂಚಿಗೆ ಗೆರೆ ಎಳೆದು ಹಿನ್ನೆಲೆಯಿಂದ ಬೇರ್ಪಡಿಸಬೇಕು. ಇದು ರೋಟೋಸ್ಕೋಪಿಂಗ್. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳಿರುತ್ತವೆ. ಅಂದರೆ ಹತ್ತು ಸೆಕೆಂಡಿನ ದೃಶ್ಯಕ್ಕೆ 240 ಚಿತ್ರಗಳು! ಹಾರುವ ಕೂದಲು, ಅಲುಗುವ ಸೆರಗು, ಬೆರಳುಗಳ ಸಂದು ಯಾವುದನ್ನೂ ಬಿಡುವಂತಿಲ್ಲ. ಹಾಲಿವುಡ್‌ನ ಇಂತಹ ಕೆಲಸ ವರ್ಷಗಳಿಂದ ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬೈಗಳಿಗೆ ಬರುತ್ತಿದೆ. ಎಷ್ಟೋ ಯುವಕ ಯುವತಿಯರು ಈ ಉದ್ಯಮಕ್ಕೆ ಕಾಲಿಟ್ಟದ್ದು ಇದೇ ಬಾಗಿಲಿನಿಂದ.

ಈಗ ಸಾಫ್ಟ್‌ವೇರ್ ಈ ಬಾಗಿಲಲ್ಲೇ ಬಂದು ನಿಂತಿದೆ. 2010ರಲ್ಲಿ ಅಡೋಬಿ ಆಫ್ಟರ್ ಎಫೆಕ್ಟ್ಸ್‌ಗೆ ರೋಟೋ ಬ್ರಷ್ ಬಂತು. ವ್ಯಕ್ತಿಯ ಮೇಲೆ ಒರಟಾಗಿ ಗೆರೆ ಎಳೆದರೆ ಅಂಚನ್ನು ಅದೇ ಹುಡುಕುತ್ತದೆ. 2019ರಲ್ಲಿ ವಿಡಿಯೋದಿಂದ ಬೇಡದ ವಸ್ತುವನ್ನು ತೆಗೆದು, ಖಾಲಿಯಾದ ಜಾಗವನ್ನು ಸುತ್ತಲಿನ ಚಿತ್ರದಿಂದ ತುಂಬುವ ಸೌಲಭ್ಯ ಸೇರಿತು. ದೊಡ್ಡ ಸ್ಟುಡಿಯೋಗಳು ಬಳಸುವ ನ್ಯೂಕ್ ತಂತ್ರಾಂಶದಲ್ಲಿ 2021ರಲ್ಲಿ ಕಾಪಿಕ್ಯಾಟ್ ಬಂತು. ಕಲಾವಿದ ಕೆಲವೇ ಚಿತ್ರಗಳನ್ನು ಸರಿಪಡಿಸಿ ತೋರಿಸಿದರೆ ಸಾಕು, ಅದನ್ನು ಕಲಿತುಕೊಂಡು ಉಳಿದ ಚಿತ್ರಗಳಿಗೆ ಅದೇ ಅನ್ವಯಿಸುತ್ತದೆ.

ಹಾಗಾದರೆ ಮನುಷ್ಯನ ಕೆಲಸ ಮುಗಿಯಿತೇ? ಇಲ್ಲ. ವೇಗದ ಚಲನೆಯಲ್ಲಿ ಮಸುಕಾದ ಅಂಚು, ಹೊಗೆ, ಗಾಜು, ಕೂದಲಿನ ಎಳೆ ಬಂದಾಗ ಯಂತ್ರ ಇಂದಿಗೂ ಎಡವುತ್ತದೆ. ನೆರಳು ಬೆಳಕಿನ ದಿಕ್ಕಿಗೆ ಹೊಂದುತ್ತಿದೆಯೇ, ಬಣ್ಣ ಕೂಡಿದೆಯೇ ಎಂದು ತೀರ್ಮಾನಿಸಲು ಪಳಗಿದ ಕಣ್ಣೇ ಬೇಕು. ಆದರೆ ಗೆರೆ ಎಳೆಯುವುದನ್ನಷ್ಟೇ ಬಲ್ಲವರ ಬೇಡಿಕೆ ಕುಗ್ಗುವ ಅಪಾಯವಿರುವುದು ನಿಜ.

ಈ ಉದ್ಯಮದ ಇನ್ನೊಂದು ಮುಖವನ್ನೂ ಹೆತ್ತವರು ತಿಳಿದಿರಬೇಕು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೋಗಳೂ ಬಾಗಿಲು ಹಾಕಿದವು. ಸಾವಿರಾರು ನೌಕರರು ಬೀದಿಗೆ ಬಿದ್ದರು. ಅದಕ್ಕೆ ಕಾರಣ ಹೊಸ ಸಾಫ್ಟ್‌ವೇರ್ ಅಲ್ಲ, ಕಂಪೆನಿಯ ಹಣಕಾಸಿನ ಮುಗ್ಗಟ್ಟು. ಒಂದೇ ಕೆಲಸ, ಒಂದೇ ಕಂಪೆನಿಯನ್ನು ನೆಚ್ಚಿ ಕೂರುವುದು ಎಷ್ಟು ಕಷ್ಟ ಎಂಬುದಕ್ಕೆ ಇದು ಸಾಕ್ಷಿ.

ಆದ್ದರಿಂದ ಮಗ ಅಥವಾ ಮಗಳು ಈ ಕೋರ್ಸ್ ಬೇಕೆಂದು ಹಟ ಹಿಡಿದರೆ ಗದರಬೇಡಿ. ಸಾಲ ಮಾಡಿ ಶುಲ್ಕ ಕಟ್ಟಲೂ ಧಾವಿಸಬೇಡಿ. ಮೊದಲು ಮನೆಯಲ್ಲೇ ಪ್ರಯತ್ನಿಸಲಿ. ಬ್ಲೆಂಡರ್ ಉಚಿತ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿಯೂ ಕಂಪೋಸಿಟಿಂಗ್ ಇದೆ. ಕಲಿಕೆಗಾಗಿ ನ್ಯೂಕ್‌ನ ಉಚಿತ ಆವೃತ್ತಿಯೂ ಸಿಗುತ್ತದೆ. ಆರು ತಿಂಗಳ ನಂತರವೂ ಆಸಕ್ತಿ ಉಳಿದಿದ್ದರೆ ಮುಂದಿನ ಮಾತು.

ತರಬೇತಿ ಸಂಸ್ಥೆಗೆ ಹೋದಾಗ ಯಾವ ಸಾಫ್ಟ್‌ವೇರ್ ಕಲಿಸುತ್ತೀರಿ ಎಂದಷ್ಟೇ ಕೇಳಬೇಡಿ. ಛಾಯಾಗ್ರಹಣ, ಬೆಳಕು, ಬಣ್ಣ, ಚಿತ್ರಕಲೆ ಮತ್ತು ಪೈಥಾನ್ ಭಾಷೆಯನ್ನು ಕಲಿಸುತ್ತೀರಾ ಎಂದೂ ಕೇಳಿ. ಸಾಫ್ಟ್‌ವೇರ್ ವರ್ಷಕ್ಕೊಮ್ಮೆ ಬದಲಾಗುತ್ತದೆ. ನೆರಳು ಯಾವ ಕಡೆ ಬೀಳಬೇಕೆಂಬ ಅರಿವು ಬದಲಾಗುವುದಿಲ್ಲ.