ಮಾರುವ ಮನೆಗೆ ಎಂಥ ಸಿಂಗಾರ?

ಸೊಕ್ಕಿದ್ದರೆ ಯಾಣ, ರೊಕ್ಕ ಇದ್ದರೆ ಗೋಕರ್ಣ ಎಂಬ ಮಾತು ಹುಟ್ಟಿದ್ದು ಯಾಣದ ಭೈರವೇಶ್ವರ ಶಿಖರದ ಬುಡಕ್ಕೆ ಕಾಡಿನಲ್ಲಿ ನಡೆದೇ ಹೋಗಬೇಕಿದ್ದ ಕಾಲದಲ್ಲಿ. ಈಗ ಬಂಡೆಯ ಹತ್ತಿರದವರೆಗೆ ಕಾರು ಬರುತ್ತದೆ. 120 ಮೀಟರ್ ಎತ್ತರದ ಆ ಕಪ್ಪು ಸುಣ್ಣಕಲ್ಲಿನ ಶಿಖರ ನೋಡಿ ಮರಳುವ ಬೆಂಗಳೂರು, ಹುಬ್ಬಳ್ಳಿಯ ಜನರಲ್ಲಿ ಕೆಲವರು ಚಹಾದಂಗಡಿಯಲ್ಲಿ ನಿಂತು ವಿಚಾರಿಸುತ್ತಾರೆ: ‘ಇಲ್ಲೆಲ್ಲಾದರೂ ಹಳೇ ಮನೆ, ಒಂದಿಷ್ಟು ತೋಟ ಮಾರಾಟಕ್ಕಿದೆಯಾ?’ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಇತ್ತ ಕುಮಟಾ, ಹೊನ್ನಾವರದ ಘಟ್ಟದ ಬುಡದ ಊರುಗಳಲ್ಲಿ ಮಕ್ಕಳೆಲ್ಲ ಪೇಟೆ ಸೇರಿ, ವಯಸ್ಸಾದ ಅಪ್ಪ–ಆಯಿ ಇಬ್ಬರೇ ಉಳಿದ ಮನೆಗಳಿವೆ. ಮಾರುವ ಮಾತು ಅಂಥ ಜಗಲಿಗಳಲ್ಲಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಆಗ ಸಿಗುವ ಮೊದಲ ಸಲಹೆ, ‘ಬಣ್ಣ ಹೊಡೆಸಿ, ಟೈಲ್ಸ್ ಹಾಕಿಸಿ, ರೇಟು ಬರ್ತದೆ.’ ಕೊಳ್ಳುವವರ ಕಣ್ಣಿಗೆ ಮನೆಯನ್ನು ಸಿಂಗರಿಸುವುದು ಅಮೆರಿಕದಲ್ಲಿ ಒಂದು ವೃತ್ತಿಯೇ ಆಗಿದೆ. 1970ರ ದಶಕದಲ್ಲಿ ಸಿಯಾಟಲ್ ಕಡೆಯ ಬಾರ್ಬ್ ಶ್ವಾರ್ಜ್ ಅದಕ್ಕೆ ‘ಹೋಮ್ ಸ್ಟೇಜಿಂಗ್’ ಎಂಬ ಹೆಸರು ಕೊಟ್ಟು ಬೆಳೆಸಿದರು. ಬೆಂಗಳೂರಿನ ಬಿಲ್ಡರುಗಳು ತೋರಿಸುವ ಮಾದರಿ ಫ್ಲ್ಯಾಟೂ ಅದೇ ಜಾಡಿನದು. ಫ್ಲ್ಯಾಟಿಗೆ ಅದು ಸರಿಹೋಗಬಹುದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನ ಚಿರೆಕಲ್ಲಿನ ಮನೆಗೆ ಆ ಸಿಂಗಾರ ಹೊಂದುವುದಿಲ್ಲ, ಎಷ್ಟೋ ಸಲ ಕೆಡುಕನ್ನೇ ಮಾಡುತ್ತದೆ.

ಗೋಡೆಯನ್ನೇ ನೋಡಿ. ಚಿರೆಕಲ್ಲು ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಸಿಲು ಬಿದ್ದಾಗ ಬಿಡುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣ ಆ ತೇವಕ್ಕೆ ಹೊರಹೋಗಲು ದಾರಿ ಕೊಡುತ್ತವೆ. ಅದರ ಮೇಲೆ ಸಿಮೆಂಟು ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವ ಒಳಗೇ ಉಳಿದು, ಮುಂದಿನ ಆಷಾಢಕ್ಕೆ ಬಣ್ಣ ಹಪ್ಪಳದಂತೆ ಏಳುತ್ತದೆ. ಕರಾವಳಿಯ ಕೆಲವು ಹಳೆಯ ಗೋಡೆಗಳಲ್ಲಿ ಕೆಮ್ಮಣ್ಣು–ಸುಣ್ಣದ ಕಾವಿ ಚಿತ್ತಾರ ಉಳಿದಿದೆ. ಅದರ ಮೇಲೆ ಬಣ್ಣ ಬಳಿಯುವುದು ನನ್ನ ಮಟ್ಟಿಗೆ ಅಪರಾಧವೇ. ನೆಲವೂ ಅಷ್ಟೇ. ಮೂರು ತಲೆಮಾರಿನ ಕಾಲು ತಾಗಿ ನುಣುಪಾದ ರೆಡ್ ಆಕ್ಸೈಡ್ ನೆಲ ಕಿತ್ತು ಟೈಲ್ಸ್ ಹಾಕಿಸಿದರೆ, ದೂರದಿಂದ ಹಳೇ ಮನೆಯೇ ಬೇಕೆಂದು ಹುಡುಕಿಕೊಂಡು ಬಂದವರಿಗೆ ತೋರಿಸಲು ಏನು ಉಳಿಯಿತು?

ದುಡ್ಡು ಹಾಕುವುದಿದ್ದರೆ ಮಾಡಿಗೆ ಹಾಕಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹರಡಿದ ಹೆಂಚು ಇವತ್ತಿಗೂ ಈ ಮಳೆಗೆ ಒಪ್ಪುವ ಹೊದಿಕೆ. ಹೆಂಚು ಇಳಿಸಿ ಪಾಚಿ ತಿಕ್ಕಿಸಿ, ಒಡೆದದ್ದನ್ನು ಬದಲಿಸಿ, ಒರಲೆ ಹಿಡಿದ ರೀಪು–ಪಕಾಸಿಗಳನ್ನು ತೆಗೆಸಿ ಹೊಸದು ಹಾಕಿಸಿ. ಎರಡನೆಯ ಕೆಲಸಕ್ಕೆ ಖರ್ಚೇ ಇಲ್ಲ. ಬೀಗ ಹಾಕಿಟ್ಟ ಮನೆಗೆ ಮುಗ್ಗು ವಾಸನೆ ಬರುತ್ತದೆ. ಗಿರಾಕಿ ಬರುವುದಕ್ಕೆ ಕೆಲವು ವಾರ ಮೊದಲಿನಿಂದಲೇ ಕಿಟಕಿ–ಬಾಗಿಲು ತೆರೆದಿಡಿ, ಬಚ್ಚಲ ಒಲೆಗೆ ದಿನಾ ಬೆಂಕಿ ಹಾಕಿ, ಅಂಗಳ ಗುಡಿಸಿ, ಅಟ್ಟದ ಹಳೆ ಸಾಮಾನು ಖಾಲಿ ಮಾಡಿ. ಬಾವಿಯ ಹೂಳೆತ್ತಿಸಿ, ಏಪ್ರಿಲ್–ಮೇ ತಿಂಗಳಲ್ಲಿ ನೀರು ಎಲ್ಲಿಗೆ ಇಳಿಯುತ್ತದೆಂದು ಬಂದವರಿಗೆ ಇದ್ದದ್ದು ಇದ್ದಂತೆ ಹೇಳಿ.

ಇನ್ನೊಂದು ಮಾತನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮನೆ ಮಾರುವ ಮೊದಲು ಕೆತ್ತನೆಯ ಕಂಬ, ಹಲಸಿನ ಬಾಗಿಲು, ನಾಗಂದಿಗೆ, ತೂಗುಮಂಚಗಳನ್ನು ಹಳೆ ಸಾಮಾನಿನ ವ್ಯಾಪಾರಿಗೆ ಬಿಡಿಬಿಡಿಯಾಗಿ ಕೊಡುವವರಿದ್ದಾರೆ. ಕೈಗೆ ಬರುವುದು ಪುಡಿಗಾಸು, ಹೋಗುವುದು ಮನೆಯ ಜೀವ. ಹೀಗೆ ಬಿಚ್ಚಿ ಮಾರಿಹೋಗುತ್ತಿದ್ದ ಮನೆಗಳನ್ನು ಕಂಡು ಮರುಗಿದ ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಟ್ಟಿ, ಹಳೆಯ ಮನೆಗಳ ಮರಮುಟ್ಟನ್ನೇ ತಂದು ಅವನ್ನು ಮತ್ತೆ ನಿಲ್ಲಿಸಿದರು. ಮಾರುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ನಿಮ್ಮ ಜಗಲಿಯ ಕಂಬಕ್ಕೆ ಎಷ್ಟು ಬೆಲೆಯಿದೆಯೆಂದು ಅಲ್ಲಿ ತಿಳಿಯುತ್ತದೆ.

ಕಾಗದಪತ್ರ ಸರಿಯಿಲ್ಲದ ಮನೆ ಎಷ್ಟು ಚಂದ ಕಂಡರೂ ವ್ಯಾಪಾರ ಕುದುರದು. ತೀರಿಹೋದ ಅಜ್ಜನ ಹೆಸರಿನಲ್ಲೇ ಪಹಣಿ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಅಕ್ಕ–ತಂಗಿಯರನ್ನು ಕೂರಿಸಿಕೊಂಡು ಮಾತಾಡಿ, ಅವರು ಮನಃಪೂರ್ವಕ ಒಪ್ಪಿದ ಮೇಲೆಯೇ ಮುಂದುವರಿಯಿರಿ. ಉತ್ತರ ಕನ್ನಡದ ಬಹುಪಾಲು ಕಾಡು. ಹಾಗಾಗಿ ಯಾವುದು ಮಾಲ್ಕಿ, ಯಾವುದು ಸೊಪ್ಪಿನ ಬೆಟ್ಟ, ಯಾವುದು ಅತಿಕ್ರಮಣ ಎಂಬ ಗಡಿಯನ್ನು ನಕ್ಷೆ ಹಿಡಿದೇ ತೋರಿಸಿ. ತೋಟದ ಜೊತೆ ಸೊಪ್ಪು–ದರಕು ತರಲು ಇರುವ ಬೆಟ್ಟದ ಸವಲತ್ತನ್ನು ಸ್ವಂತ ಆಸ್ತಿಯೆಂದು ಹೇಳಿ ಮಾರಿದರೆ, ನಂಬಿ ಬಂದವರು ಅರಣ್ಯ ಇಲಾಖೆಯ ಮುಂದೆ ನಿಲ್ಲಬೇಕಾಗುತ್ತದೆ.

ಗಿರಾಕಿಗಳು ಸಾಮಾನ್ಯವಾಗಿ ಬರುವುದು ಚಳಿಗಾಲದ ಶನಿವಾರ, ಭಾನುವಾರ. ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಎಲ್ಲವೂ ಚಂದ. ಅವರನ್ನು ಜುಲೈಯಲ್ಲಿ ಇನ್ನೊಮ್ಮೆ ಕರೆಯಿರಿ. ಮಾಡು ಎಲ್ಲಿ ಸೋರುತ್ತದೆ, ಹಳ್ಳ ಎಲ್ಲಿಯವರೆಗೆ ಏರುತ್ತದೆ, ಹಿಂದಿನ ಧರೆ ಗಟ್ಟಿಯಿದೆಯೇ ಎಂಬುದನ್ನು ಅವರು ಕಣ್ಣಾರೆ ನೋಡಲಿ. 2024ರ ಜುಲೈನಲ್ಲಿ ಪಕ್ಕದ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆಯಲ್ಲಿ ಧರೆಯ ವಿಷಯ ಮುಚ್ಚಿಟ್ಟು ಯಾರೂ ಮನೆ ಮಾರಬಾರದು. ಕೊಳ್ಳುವವರೇ, ನೀವೂ ಮಳೆಯಲ್ಲಿ ಒಮ್ಮೆ ನೋಡದೆ ಮುಂಗಡ ಕೊಡಬೇಡಿ.