ಈಟಿ, ಕತ್ತಿ, ಕೊನೆಗೆ ಬಾಕು

ಇಟಲಿಯ ಕವಿ ಲುಡೊವಿಕೊ ಅರಿಯೊಸ್ಟೊನ ‘ಒರ್ಲಾಂಡೊ ಫುರಿಯೋಸೊ’ ಮಹಾಕಾವ್ಯ ಅಶ್ವಾರೋಹಿ ವೀರರ ದ್ವಂದ್ವಯುದ್ಧಗಳ ದೊಡ್ಡ ಭಂಡಾರ. 1516ರಲ್ಲಿ ಮೊದಲು ಅಚ್ಚಾದ ಈ ಕೃತಿ 1532ರ ಆವೃತ್ತಿಯಲ್ಲಿ 46 ಸಂಧಿಗಳಿಗೆ ಬೆಳೆಯಿತು. ಷಾರ್ಲಮೇನ್ ಚಕ್ರವರ್ತಿಯ ಕ್ರೈಸ್ತ ಯೋಧರಿಗೂ ಮುಸ್ಲಿಂ ಸೇನೆಗೂ ನಡೆಯುವ ಸಮರ ಇದರ ಹಿನ್ನೆಲೆ.

ಇಲ್ಲಿನ ಕಾಳಗಕ್ಕೆ ಒಂದು ಕ್ರಮವುಂಟು. ಮೊದಲು ಕುದುರೆಯೇರಿ ಈಟಿ ಚಾಚಿ ಮುನ್ನುಗ್ಗುವುದು. ಈಟಿ ಮುರಿದರೆ ಕತ್ತಿ. ಅದೂ ಸಾಲದಾದರೆ ಮಲ್ಲಯುದ್ಧ. ಶತ್ರುವಿಗೂ ಮರ್ಯಾದೆ ಸಲ್ಲಬೇಕು. ಮೊದಲ ಸಂಧಿಯಲ್ಲೇ ಕ್ರೈಸ್ತ ವೀರ ರಿನಾಲ್ಡೊ ಮತ್ತು ಮುಸ್ಲಿಂ ವೀರ ಫೆರಾವು ಸುಂದರಿ ಆಂಜೆಲಿಕಾಳಿಗಾಗಿ ಬಡಿದಾಡುತ್ತಾರೆ. ಅಷ್ಟರಲ್ಲಿ ಆಕೆಯೇ ಪರಾರಿ! ಕಾದಾಟ ನಿಲ್ಲಿಸಿದ ಇಬ್ಬರೂ ಒಂದೇ ಕುದುರೆಯೇರಿ ಅವಳನ್ನು ಹುಡುಕಿ ಹೊರಡುತ್ತಾರೆ. ಕಾವ್ಯದ ಅತ್ಯಂತ ಸೊಗಸಾದ ಪ್ರಸಂಗಗಳಲ್ಲಿ ಇದೂ ಒಂದು.

ಈ ಶೌರ್ಯಕ್ಕೆ ನಿಜವಾದ ಶತ್ರು ಬಂದೂಕು. ದೂರ ನಿಂತು ಕೊಲ್ಲುವ ಆ ಆಯುಧವನ್ನು ಕಥಾನಾಯಕ ಒರ್ಲಾಂಡೊ ಸಮುದ್ರಕ್ಕೆ ಎಸೆಯುತ್ತಾನೆ. ಹೇಡಿಯೂ ವೀರನನ್ನು ಕೊಲ್ಲಬಲ್ಲ ಕಾಲ ಬಂತೆಂದು ಕವಿ ಮರುಗುತ್ತಾನೆ. ಅವನ ಆಶ್ರಯದಾತ, ಫೆರಾರಾದ ದೊರೆ ಅಲ್ಫೋನ್ಸೊ, ಫಿರಂಗಿಗಳಿಗೆ ಹೆಸರಾದವನು. ಅಂಥ ಆಸ್ಥಾನದಲ್ಲೇ ಇದನ್ನು ಬರೆದದ್ದು ದೊಡ್ಡ ಎದೆಗಾರಿಕೆ.

ಕಾವ್ಯದ ಕೊನೆಯ ಕಾಳಗ ಇನ್ನೊಬ್ಬ ವೀರ ರುಜ್ಜೇರೊನ ಮದುವೆಯ ಔತಣದಲ್ಲಿ ನಡೆಯುತ್ತದೆ. ಕ್ರೈಸ್ತ ಮತಕ್ಕೆ ಮತಾಂತರಗೊಂಡ ಅವನನ್ನು ಮುಸ್ಲಿಂ ಪಾಳೆಯದ ರೊಡೊಮೊಂಟೆ ದ್ರೋಹಿಯೆಂದು ಜರೆದು ಕಾಳಗಕ್ಕೆ ಕರೆಯುತ್ತಾನೆ. ಈಟಿ, ಕತ್ತಿಗಳ ಹೋರಾಟ ಕಡೆಗೆ ನೆಲದ ಮೇಲಿನ ಹಿಡಿತಕ್ಕೆ ಇಳಿಯುತ್ತದೆ. ಕೆಳಗೆ ಸಿಕ್ಕರೂ ರೊಡೊಮೊಂಟೆ ಶರಣಾಗುವುದಿಲ್ಲ. ರುಜ್ಜೇರೊ ಅವನ ಹಣೆಗೆ ಬಾಕು ಇಳಿಸುತ್ತಾನೆ. ಕಾವ್ಯ ಅಲ್ಲಿಗೇ ಮುಗಿಯುತ್ತದೆ.