ಅತಿಥಿಗಳು ಕೇಳಿದ ಪ್ರಶ್ನೆ

1980ರಲ್ಲಿ ಲೂಥರನ್ ಸಭೆಗಳಿಗೆ ದೊಡ್ಡ ಹಬ್ಬ. ತಮ್ಮ ನಂಬಿಕೆಯ ತಿರುಳನ್ನು ಬರಹದಲ್ಲಿಟ್ಟ ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣಕ್ಕೆ ಆಗ 450 ವರ್ಷ ತುಂಬಿತ್ತು. ಸಂಭ್ರಮದಲ್ಲಿ ಪಾಲ್ಗೊಳ್ಳಲು ಬೇರೆ ಪಂಗಡದವರನ್ನೂ ಕರೆದರು, ಅವರಲ್ಲಿ ಮೆನೊನೈಟರೂ ಇದ್ದರು. ಕರೆ ಮನಸಾರೆ ಹೋದದ್ದೇ. ಆದರೆ ಮೆನೊನೈಟರು ತಿರುಗಿ ಕೇಳಿದರು: ನಮ್ಮ ಹಿರಿಯರನ್ನು ಖಂಡಿಸಿದ ಬರಹ ಇದು, ಇದರ ಹಬ್ಬದಲ್ಲಿ ನಾವು ಏನೆಂದು ಸಂಭ್ರಮಿಸೋಣ?

ಕರೆದ ಎಷ್ಟೋ ಮಂದಿಗೆ ಇದು ಹೊಳೆದೇ ಇರಲಿಲ್ಲ. ಏಟು ತಿಂದವನಿಗೆ ನೆನಪಿರುತ್ತದೆ, ಕೊಟ್ಟವನಿಗೆ ಮರೆತುಹೋಗಿರುತ್ತದೆ. ಇನ್ನೊಂದು ಪಂಗಡದವರನ್ನು ಮನೆಗೋ ಸಭೆಗೋ ಬರಮಾಡಿಕೊಳ್ಳುವವರೆಲ್ಲ ಈ ಪ್ರಸಂಗವನ್ನು ತಿಳಿದಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮೆನೊನೈಟರು ಎಂದರೆ ಯಾರು? 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಕೆಲವರು, ಹಸುಗೂಸಾಗಿದ್ದಾಗ ಸಿಕ್ಕ ದೀಕ್ಷಾಸ್ನಾನ ಸಾಲದು, ತಿಳಿವಳಿಕೆ ಬಂದ ಮೇಲೆ ಸ್ವಂತ ಬಾಯಿಂದ ನಂಬಿಕೆ ಅರಿಕೆಮಾಡಿ ಪಡೆಯುವುದೇ ನಿಜವಾದದ್ದು ಎಂದು ಮತ್ತೆ ದೀಕ್ಷಾಸ್ನಾನ ಪಡೆದರು. ಅವರಲ್ಲೊಬ್ಬ ಫೆಲಿಕ್ಸ್ ಮಾಂಟ್ಸ್. 1527ರಲ್ಲಿ ಅವನನ್ನು ಕೈಕಾಲು ಕಟ್ಟಿ ಲಿಮ್ಮತ್ ನದಿಯಲ್ಲಿ ಮುಳುಗಿಸಿ ಕೊಂದರು. 1529ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಶಾಸನವೇ ಮರು ದೀಕ್ಷಾಸ್ನಾನಕ್ಕೆ ಮರಣದಂಡನೆ ವಿಧಿಸಿತು. ಕ್ಯಾಥೊಲಿಕರು, ಸುಧಾರಣಾವಾದಿಗಳು ಬೇರೆ ಯಾವುದರಲ್ಲೂ ಒಮ್ಮತಕ್ಕೆ ಬರದಿದ್ದರೂ ಇವರನ್ನು ಬೇಟೆಯಾಡುವುದರಲ್ಲಿ ಒಂದಾದರು. ಲೂಥರನ ಜೊತೆಗಾರ ಮೆಲಾಂಕ್‌ಥಾನ್ ಬರೆದ ಆಗ್ಸ್‌ಬರ್ಗ್ ಪ್ರಮಾಣ 1530ರಲ್ಲಿ ಇವರನ್ನು ಹೆಸರೆತ್ತಿ ಖಂಡಿಸಿತು. ಮರುವರ್ಷ ಮರಣದಂಡನೆಯನ್ನು ಸಮರ್ಥಿಸಿ ಅವನೇ ಬರೆದ ಅಭಿಪ್ರಾಯಕ್ಕೆ ಲೂಥರ್ ಒಪ್ಪಿಗೆಯ ಸಹಿ ಹಾಕಿದ. ಫ್ರೀಸ್‌ಲ್ಯಾಂಡಿನ ಪಾದ್ರಿ ಮೆನ್ನೊ ಸೈಮನ್ಸ್ 1536ರಲ್ಲಿ ಕ್ಯಾಥೊಲಿಕ್ ಸಭೆ ಬಿಟ್ಟು ಈ ಚದುರಿದ ಜನರನ್ನು ಕತ್ತಿ ಹಿಡಿಯದ ಹಾದಿಯಲ್ಲಿ ಒಟ್ಟುಗೂಡಿಸಿದ. ಅವರ ಹೆಸರು ಬಂದದ್ದು ಅವನಿಂದಲೇ.

ಲೂಥರನರ ಭಯ ಆಮೇಲೆ ಹೆಚ್ಚಲು ಒಂದು ಕಾರಣವೂ ಸಿಕ್ಕಿತು ಎನ್ನಬೇಕು. 1534-35ರಲ್ಲಿ ಮ್ಯೂನ್‌ಸ್ಟರ್ ನಗರದಲ್ಲಿ ಮರು ದೀಕ್ಷಾಸ್ನಾನದವರ ಒಂದು ಗುಂಪು ಅಧಿಕಾರ ಹಿಡಿದು ರಕ್ತ ಹರಿಸಿತು. ಆ ಕಳಂಕ ಶಾಂತಿಪ್ರಿಯರ ತಲೆಗೂ ಅಂಟಿಕೊಂಡಿತು.

1980ರ ಪ್ರಶ್ನೆಯನ್ನು ಲೂಥರನರು ತಳ್ಳಿಹಾಕಲಿಲ್ಲ. ಫ್ರಾನ್ಸಿನಲ್ಲಿ, ಜರ್ಮನಿಯಲ್ಲಿ, ಅಮೆರಿಕದಲ್ಲಿ ಎರಡೂ ಕಡೆಯವರು ಎದುರುಬದುರು ಕೂತು ಮಾತಾಡಿದರು. 2005ರಿಂದ ಅಂತರರಾಷ್ಟ್ರೀಯ ಆಯೋಗವೊಂದು ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು: ಇಬ್ಬರ ವಿದ್ವಾಂಸರೂ ಕೂಡಿ ಆ ಹದಿನಾರನೆಯ ಶತಮಾನದ ಕಥೆಯನ್ನು ಒಂದೇ ಕಥೆಯಾಗಿ ಬರೆದರು. ಪಾಲಾದ ದಾಯಾದಿಗಳು ಒಟ್ಟಿಗೆ ಕೂತು ಹಳೆಯ ಕಡತ ಓದಿದ ಹಾಗೆ. ನಿಮ್ಮ ಇತಿಹಾಸ ನಿಮಗೆ, ನಮ್ಮದು ನಮಗೆ ಎನ್ನುವವರೆಗೆ ಒಂದೇ ಮೇಜಿನ ಮುಂದೆ ಕೂತರೂ ದೂರ ದೂರವೇ.

2010ರ ಜುಲೈನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟದ ಮಹಾಸಭೆ ಸೇರಿತು. ಹಿಂಸೆ ಕೊಟ್ಟದ್ದಕ್ಕೆ, ಅದನ್ನು ಶತಮಾನಗಟ್ಟಲೆ ಮರೆತಿದ್ದಕ್ಕೆ, ಇಂದಿನವರೆಗೂ ಮೆನೊನೈಟರ ಬಗ್ಗೆ ತಪ್ಪು ಚಿತ್ರ ಬರೆದದ್ದಕ್ಕೆ ದೇವರಲ್ಲಿಯೂ ಮೆನೊನೈಟ್ ಸಹೋದರ ಸಹೋದರಿಯರಲ್ಲಿಯೂ ಕ್ಷಮೆ ಕೇಳುವ ನಿರ್ಣಯಕ್ಕೆ ಪ್ರತಿನಿಧಿಗಳು ಕೈ ಎತ್ತಲಿಲ್ಲ. ಕೆಲವರು ಮೊಣಕಾಲೂರಿ, ಕೆಲವರು ಎದ್ದು ನಿಂತು ಒಪ್ಪಿಗೆ ಕೊಟ್ಟರು.

ಉತ್ತರ ಕೊಟ್ಟವರು ಮೆನೊನೈಟ್ ವಿಶ್ವ ಸಮ್ಮೇಳನದ ಅಧ್ಯಕ್ಷ, ಜಿಂಬಾಬ್ವೆಯ ಬಿಷಪ್ ಡನಿಸಾ ನಡ್ಲೊವು. ತಾವೂ ತಪ್ಪಿಲ್ಲದವರಾಗಿ ತಲೆಯೆತ್ತಿ ಬಂದವರಲ್ಲ ಎಂಬ ಧಾಟಿಯಲ್ಲಿ ಮಾತಾಡಿದರು. ಹುತಾತ್ಮರ ಮಕ್ಕಳು ಎಂಬ ಹೆಮ್ಮೆಯೂ ಗೋಡೆಯಾಗಬಲ್ಲದು. ಮೆನೊನೈಟರ ಕಡೆಯಿಂದ ಬಂದ ಉಡುಗೊರೆ ಕಾಲು ತೊಳೆಯುವ ಒಂದು ಮರದ ತೊಟ್ಟಿ. ಕೊನೆಯ ಭೋಜನದ ರಾತ್ರಿ ಯೇಸು ಶಿಷ್ಯರ ಪಾದ ತೊಳೆದ ಸಂಗತಿ ಯೋಹಾನನ ಸುವಾರ್ತೆಯಲ್ಲಿದೆ. ಕೆಲವು ಮೆನೊನೈಟ್ ಸಭೆಗಳಲ್ಲಿ ಈಗಲೂ ಬೆಂಚಿನ ಮೇಲೆ ಕೂತವರ ಕಾಲನ್ನು ಪಕ್ಕದವರು ಬಾಗಿ ತೊಳೆದು ಒರೆಸುತ್ತಾರೆ. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವ ನಮ್ಮಲ್ಲಿ ಆ ತೊಟ್ಟಿಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮಾತ್ರ ನೀರಿನ ಪಾತ್ರೆ ತಂದವರು ಅತಿಥಿಗಳು.

ಇದೆಲ್ಲ ಯೂರೋಪಿನ ಜಗಳ ಎನ್ನುವಂತಿಲ್ಲ. ರಾಯಚೂರಿನ ಪಕ್ಕದ ಗದ್ವಾಲ, ಮಹಬೂಬ್‌ನಗರಗಳಲ್ಲಿ ಮೆನೊನೈಟ್ ಬ್ರೆದರನ್ ಸಭೆಗಳು ಬೇರುಬಿಟ್ಟಿವೆ, ಅಲ್ಲಿ ಆರಾಧನೆ ತೆಲುಗಿನಲ್ಲಿ. ಈ ಪಂಗಡದವರಾಗಿ 1889ರಲ್ಲಿ ರಷ್ಯಾದಿಂದ ಬಂದ ಅಬ್ರಹಾಂ ಫ್ರೀಸನ್ ನಲ್ಗೊಂಡದಲ್ಲಿ ಕೆಲಸಕ್ಕೆ ನಿಂತದ್ದು ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ನಿನ ಆಸರೆಯಲ್ಲಿ. ದೀಕ್ಷಾಸ್ನಾನದ ವಿಷಯದಲ್ಲಿ ಅವರಿಬ್ಬರಿಗೂ ಜಗಳವಿರಲಿಲ್ಲವಾದ್ದರಿಂದ ಹೊಂದಾಣಿಕೆ ಸಲೀಸಾಯಿತು.

ಲೂಥರನರ ಜೊತೆ ಅದು ಅಷ್ಟು ಸಲೀಸಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ಕ್ಷಮೆ ಕೇಳಿದ ಮೇಲೂ 1530ರ ಬರಹದ ಒಂದಕ್ಷರವೂ ಬದಲಾಗಿಲ್ಲ. ಅದನ್ನು ಈ ಇತಿಹಾಸದ ಬೆಳಕಿನಲ್ಲಿ ಓದುತ್ತೇವೆ ಎಂಬ ಮಾತು ಮಾತ್ರ ಕೊಟ್ಟಿದ್ದಾರೆ. ಬಚ್ಚಿಡದೆ ಹೇಳಿದ ಭಿನ್ನಾಭಿಪ್ರಾಯವನ್ನು ನಾನು ಸೋಲೆಂದು ಎಣಿಸಲಾರೆ. 2012ರಿಂದ 2017ರವರೆಗೆ ಕ್ಯಾಥೊಲಿಕರನ್ನೂ ಸೇರಿಸಿಕೊಂಡು ಮೂರು ಪಂಗಡದವರು ದೀಕ್ಷಾಸ್ನಾನವೊಂದನ್ನೇ ಹಿಡಿದು ಚರ್ಚಿಸಿದರು. ಅದು ಸಂಸಾರಗಳ ಒಳಗಿನ ಪ್ರಶ್ನೆಯೂ ಹೌದು. ಕೂಸಾಗಿದ್ದಾಗಲೇ ದೀಕ್ಷಾಸ್ನಾನವಾದ ಲೂಥರನ್ ಹೆಣ್ಣುಮಗಳು ಮದುವೆಯಾಗಿ ಮೆನೊನೈಟ್ ಸಭೆಗೆ ಸೇರಲು ಬಂದರೆ ಮತ್ತೆ ನೀರಿಗಿಳಿಯಬೇಕೇ? ಇಳಿಯಲೇಬೇಕು ಎನ್ನುವ ಮೆನೊನೈಟ್ ಸಭೆಗಳಿವೆ. ಎಲ್ಲರ ಎದುರು ನಂಬಿಕೆ ಅರಿಕೆಮಾಡಿದರೆ ಸಾಕು ಎಂದು ಬರಮಾಡಿಕೊಳ್ಳುವ ಸಭೆಗಳೂ ಇವೆ.